ಆಷಾಢದಲ್ಲಿ ಮನೆ ಹುಡುಕಿದೆವು

"ಆಷಾಢ ಕಳೀಲಿ ಕಣಮ್ಮ, ಆಮೇಲೆ ನೋಡಿದರಾಯ್ತು" ಅಂತ ಅತ್ತೆ ಹೇಳಿದ್ದರು. 2024ರ ಜುಲೈ ಅದು. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಮಂಗಳೂರಿನ ಕಡೆ ಗಾಡಿಗಳು ನಿಂತುಹೋಗಿದ್ದವು, ಅಂಥ ಮಳೆ. ನಾವು ಮಾತ್ರ ಪ್ರತಿ ಭಾನುವಾರ ರೇನ್‌ಕೋಟು ಹಾಕಿಕೊಂಡು ಹಾಸನದ ಸುತ್ತ ಮನೆ ನೋಡುತ್ತಾ ಓಡಾಡಿದೆವು. ಈಗ ಯಾರಾದರೂ ನನ್ನನ್ನು ಕೇಳಿದರೆ ಮೊದಲು ಹೇಳುವುದು ಇದನ್ನೇ. ಕರಾರು, ನೋಂದಣಿ, ಗೃಹಪ್ರವೇಶ ಎಲ್ಲ ಶ್ರಾವಣ ಬಂದ ಮೇಲೆ ಇಟ್ಟುಕೊಳ್ಳಿ. ಮನೆ ನೋಡುವುದು ಆಷಾಢದಲ್ಲೇ ನೋಡಿ.

ಇದು ನನಗೆ ಸುಮ್ನೆ ಹೊಳೆದದ್ದಲ್ಲ. ಅದೇ ವರ್ಷ ಬೇಸಿಗೆಯಲ್ಲಿ ಒಂದು ಸಲ ಪೆಟ್ಟು ತಿಂದಿದ್ದೆವು.

ನಾನು ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮನೆಯವರು ಬಟ್ಟೆ ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಪಾಳಿ ಕೆಲಸ. ಇಬ್ಬರ ಸಂಬಳ ಸೇರಿ ಕೈಗೆ ಬರುವುದು 62 ಸಾವಿರ. ಕುವೆಂಪುನಗರದಲ್ಲಿ ಬಾಡಿಗೆಗೆ ಇದ್ದೆವು, ತಿಂಗಳಿಗೆ 9,500. ಅಲ್ಲೇ ಕೊಳ್ಳೋಣ ಅಂದರೆ 30–40ರ ಸೈಟಿನಲ್ಲಿ ಕಟ್ಟಿದ ಹಳೇ ಮನೆಗೂ 55 ಲಕ್ಷ ಹೇಳಿದರು. ವಿದ್ಯಾನಗರ, ಸಾಲಗಾಮೆ ರಸ್ತೆ ಕಡೆ ಕೇಳುವ ಧೈರ್ಯವೇ ಆಗಲಿಲ್ಲ. ಅಂದಮೇಲೆ ಊರಾಚೆಗೆ ಹೋಗಲೇಬೇಕಿತ್ತು.

ಏಪ್ರಿಲ್‌ನಲ್ಲಿ ಒಬ್ಬ ಬ್ರೋಕರ್ ಒಂದು ಬಡಾವಣೆ ತೋರಿಸಿದರು. ಒಣಗಿದ ಕೆಂಪು ಮಣ್ಣು, ಅಗಲವಾದ ರಸ್ತೆ, ಚೆಂದದ ಗಾಳಿ. ಸಂಜೆ ಹೊತ್ತು ನೋಡಿದ್ದಕ್ಕೆ ಮನಸ್ಸು ಹಿಡಿದುಬಿಟ್ಟಿತು. ಹೊಸದಾಗಿ ಕಟ್ಟಿದ ಪುಟ್ಟ ಮನೆ, 33 ಲಕ್ಷ. ಬೇರೆಯವರು ಬಂದುಬಿಡುತ್ತಾರೆ ಅಂತ ಅವಸರ ಮಾಡಿಸಿದರು, 50 ಸಾವಿರ ಮುಂಗಡ ಕೊಟ್ಟೆವು. ಆಮೇಲೆ ಕಾಗದ ತೆಗೆದುಕೊಂಡು ವಕೀಲರ ಹತ್ತಿರ ಹೋದೆವು. ಮೊದಲು ಹೋಗಬೇಕಿದ್ದ ಜಾಗಕ್ಕೆ ಕೊನೆಗೆ ಹೋದೆವು.

ವಕೀಲರು ಹಳೇ ಪಹಣಿ, ಮ್ಯುಟೇಷನ್ (ಜಮೀನು ಯಾರಿಂದ ಯಾರ ಹೆಸರಿಗೆ ಹೋಯಿತು ಅನ್ನುವ ದಾಖಲೆ) ಎಲ್ಲ ತೆಗೆಸಿದರು. ಆ ಸರ್ವೆ ನಂಬರು ಸರ್ಕಾರದಿಂದ ಪರಿಶಿಷ್ಟ ಜಾತಿಯ ಕುಟುಂಬವೊಂದಕ್ಕೆ ಮಂಜೂರಾಗಿದ್ದ ಜಮೀನು. 1978ರ ಪಿಟಿಸಿಎಲ್ ಕಾಯ್ದೆ (ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರಭಾರೆ ಆಗದಂತೆ ತಡೆಯುವ ಕಾಯ್ದೆ) ಪ್ರಕಾರ ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಮಾರಿದ್ದರೆ ಅದು ಊರ್ಜಿತ ಅಲ್ಲ. 2023ರ ತಿದ್ದುಪಡಿ ಬಂದಮೇಲೆ ಮೂಲ ಕುಟುಂಬದವರು ಎಷ್ಟು ವರ್ಷ ಕಳೆದ ಮೇಲೂ ಜಮೀನು ವಾಪಸ್ ಕೇಳಿ ಅರ್ಜಿ ಹಾಕಬಹುದು. ಆ ಕಾಯ್ದೆ ಇರುವುದು ಸರಿಯಾಗೇ ಇದೆ. ಬಡವರ ಜಮೀನು ಪುಡಿಗಾಸಿಗೆ ಕೈತಪ್ಪಬಾರದು ಅಂತಲೇ ಮಾಡಿದ್ದು. ತಪ್ಪು ನಮಗೆ ಅದನ್ನು ಮುಚ್ಚಿಟ್ಟವರದು, ಕೇಳದೆ ದುಡ್ಡು ಕೊಟ್ಟ ನಮ್ಮದು. 50 ಸಾವಿರದಲ್ಲಿ 30 ವಾಪಸ್ ಬಂತು, ಅದೂ ಎರಡು ತಿಂಗಳು ಅಲೆದಾಡಿದ ಮೇಲೆ. ನಾನು ಬಹಳ ದಿನ ಸರಿಯಾಗಿ ನಿದ್ದೆ ಮಾಡಲಿಲ್ಲ.

ಹಾಗಾಗಿ ಎರಡನೇ ಸಲ ಬ್ಯಾಂಕಿನಿಂದ ಶುರು ಮಾಡಿದೆವು. ಮನೆ ನೋಡುವ ಮೊದಲೇ ಎರಡು ಬ್ಯಾಂಕಿಗೆ ಹೋಗಿ, ಯಾವ ಕಾಗದ ಇದ್ದರೆ ಸಾಲ ಕೊಡುತ್ತೀರಿ ಅಂತ ಕೇಳಿದೆ. ಪಂಚಾಯಿತಿ ವ್ಯಾಪ್ತಿಯ ಮನೆಯಾದರೆ ಇ-ಸ್ವತ್ತಿನ, ಅಂದರೆ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯ, ನಮೂನೆ 9 ಮತ್ತು 11ಎ ಬೇಕು, ಕೃಷಿ ಜಮೀನನ್ನು ಮನೆ ಕಟ್ಟಲಿಕ್ಕೆ ಬದಲಿಸಿದ ಭೂ ಪರಿವರ್ತನೆ ಆದೇಶ ಬೇಕು, ಅನುಮೋದನೆ ಆದ ಬಡಾವಣೆ ನಕ್ಷೆ ಬೇಕು ಎಂದರು. ಅನುಮೋದನೆ ಇಲ್ಲದ ಆಸ್ತಿಗೆ ಕೊಡುವ 11ಬಿ ಇದ್ದರೆ ಎರಡೂ ಬ್ಯಾಂಕಿನಲ್ಲಿ ಸಾಲ ಆಗುವುದಿಲ್ಲ ಅಂದರು. ಈ ಒಂದು ಮಾತಿನಿಂದ ನಮ್ಮ ಪಟ್ಟಿ ಅರ್ಧಕ್ಕರ್ಧ ಕರಗಿತು. ಊರಾಚೆ ಅಗ್ಗಕ್ಕೆ ಸಿಗುವ ಎಷ್ಟೋ ಮನೆ ಅಗ್ಗ ಆಗಿರುವುದು ಇದೇ ಕಾರಣಕ್ಕೆ. ಸಾಲ ಸಿಗದ ಮನೆಯನ್ನು ನಾಳೆ ನಾವು ಮಾರಬೇಕು ಅಂದರೂ ಕೈಯಲ್ಲಿ ಪೂರ್ತಿ ದುಡ್ಡು ಇರುವವರನ್ನೇ ಹುಡುಕಬೇಕು, ಅಲ್ವಾ?

ಉಳಿದ ಜಾಗಗಳಿಗೆ ಮಳೆಯಲ್ಲಿ ಹೋದೆವು. ಏಪ್ರಿಲ್‌ನಲ್ಲಿ ಚೆಂದ ಕಂಡಿದ್ದ ಒಂದು ಬೀದಿಗೆ ಸ್ಕೂಟರ್ ಇಳಿಸಲಿಕ್ಕೇ ಆಗಲಿಲ್ಲ. ಇನ್ನೊಂದು ಕಡೆ ಮನೆಗೆ ಹೊಸ ಬಣ್ಣ ಹೊಡೆದಿದ್ದರು, ಆದರೆ ಕಾಂಪೌಂಡಿನ ಹೊರಗೆ ಮೊಣಕಾಲೆತ್ತರಕ್ಕೆ ನೀರಿನ ಗೆರೆ ಇತ್ತು. ಪಕ್ಕದ ಪೆಟ್ಟಿಗೆ ಅಂಗಡಿಯ ಅಜ್ಜಿಯನ್ನು ಕೇಳಿದೆ. "ಹಳ್ಳ ಮುಚ್ಚಿ ಮನೆ ಕಟ್ಟವ್ರೆ ಕಣವ್ವ, ನೀರೆಲ್ಲಿಗೆ ಹೋಗ್ಬೇಕು?" ಅಂದರು. ಅಲ್ಲೇ ನಿಂತು ಫೋನಿನಲ್ಲಿ ದಿಶಾಂಕ್ ಆ್ಯಪ್ ತೆಗೆದೆ. ನಾವು ನಿಂತ ಜಾಗದ ಸರ್ವೆ ನಂಬರು ಅದರಲ್ಲಿ ಬರುತ್ತದೆ, ಹಳ್ಳ, ಕೆರೆ, ದಾರಿ ಕಾಣುತ್ತವೆ. ಅಜ್ಜಿ ಹೇಳಿದ ಹಳ್ಳ ಆ ಮನೆಯ ಹಿಂದೆಯೇ ಹಾದುಹೋಗಿತ್ತು. ಸರ್ಕಾರದ ಭೂದಾಖಲೆ ಜಾಲತಾಣದಲ್ಲಿ ಗ್ರಾಮ ನಕ್ಷೆಯೂ ಸಿಗುತ್ತದೆ. ಮನೆಗೆ ಬಂದು ಅದರ ಜೊತೆ ತಾಳೆ ನೋಡಿದೆ. ಆಮೇಲೆ ಪ್ರತಿ ಮನೆಗೂ ಹೀಗೇ ಮಾಡಿದೆ.

ಬೂವನಹಳ್ಳಿ ಕಡೆಯೂ ಹೋಗಿದ್ದೆವು. ಅಲ್ಲಿ ಯಾರನ್ನು ಕೇಳಿದರೂ ವಿಮಾನ ನಿಲ್ದಾಣದ ಮಾತು. 2007ರಲ್ಲಿ ಶಂಕುಸ್ಥಾಪನೆ ಆದದ್ದು ಅದು. ಇನ್ನು ಹತ್ತು ವರ್ಷಕ್ಕೆ ರೇಟು ಎಲ್ಲಿಗೋ ಹೋಗುತ್ತದೆ ಅಂತ ಹೇಳಿ ಆ ರೇಟನ್ನು ಈಗಲೇ ಕೇಳುತ್ತಾರೆ. ನಮಗೆ ಬೇಕಿದ್ದದ್ದು ಇರಲಿಕ್ಕೆ ಮನೆ. ಬಿಟ್ಟೆವು.

ಕೊನೆಗೆ ಎರಡು ಮನೆ ಉಳಿದವು. ಒಂದು ಊರಿನಿಂದ 9 ಕಿಲೋಮೀಟರ್, ಮುಖ್ಯ ರಸ್ತೆಯಿಂದ ಬಹಳ ಒಳಗೆ, 31 ಲಕ್ಷ. ಇನ್ನೊಂದು ಅರಸೀಕೆರೆ ರಸ್ತೆ ಕಡೆ, 5 ಕಿಲೋಮೀಟರ್, 36 ಲಕ್ಷ. ನಮ್ಮನೆಯವರಿಗೆ ಮೊದಲನೆಯದರ ಮೇಲೆ ಆಸೆ. ಐದು ಲಕ್ಷ ಉಳಿಯುತ್ತದಲ್ಲ ಅಂದರು. ಆವತ್ತು ರಾತ್ರಿ ಪುಸ್ತಕದಲ್ಲಿ ಬರೆದು ಲೆಕ್ಕ ಹಾಕಿದೆವು. ಐದು ಲಕ್ಷ ಸಾಲ ಕಮ್ಮಿ ಆದರೆ 20 ವರ್ಷಕ್ಕೆ, ಶೇ 8.5ರ ಬಡ್ಡಿಯಲ್ಲಿ, ಕಂತು ಸುಮಾರು 4,340 ರೂಪಾಯಿ ಇಳಿಯುತ್ತದೆ. ಆದರೆ ಆ ಊರಿಗೆ ಸಂಜೆ ಏಳರ ಮೇಲೆ ಬಸ್ಸಿಲ್ಲ. ನನಗೊಂದು ಗಾಡಿ ಬೇಕು, ಇಬ್ಬರ ಪೆಟ್ರೋಲು ಸೇರಿ 2,500 ಜಾಸ್ತಿ. ಮಗಳ ಶಾಲೆಯ ವ್ಯಾನು 1,800. ಬೇಸಿಗೆಯ ಟ್ಯಾಂಕರ್ ನೀರನ್ನು ವರ್ಷಕ್ಕೆ ಹಂಚಿದರೆ ತಿಂಗಳಿಗೆ 600. ಒಟ್ಟು 4,900. ಗಾಡಿಯ ಬೆಲೆ ಇದರಲ್ಲಿ ಸೇರಿಲ್ಲ.

ಅರಸೀಕೆರೆ ರಸ್ತೆಯ ಮನೆಯಿಂದ ಬಸ್ ನಿಲ್ಲುವ ಜಾಗ ಎಂಟು ನಿಮಿಷದ ನಡಿಗೆ. ಎರಡು ತಾಲ್ಲೂಕು ಕೇಂದ್ರಗಳ ನಡುವಿನ ರಸ್ತೆ, ಬಸ್ಸು ಬರುತ್ತಲೇ ಇರುತ್ತವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಬಸ್ಸಿನಲ್ಲಿ ನನಗೆ ಟಿಕೆಟ್ ದುಡ್ಡೂ ಇಲ್ಲ. ನನ್ನಂಥ ಕೆಲಸಕ್ಕೆ ಹೋಗುವ ಹೆಂಗಸರು ಮನೆ ಆರಿಸುವಾಗ ಇದನ್ನು ಖಂಡಿತ ಲೆಕ್ಕಕ್ಕೆ ಹಿಡಿಯಬೇಕು. ಆದರೂ ಬರೀ ಕಾಗದದ ಲೆಕ್ಕ ಸಾಲದು ಅಂತ ಒಂದು ದಿನ ಕೆಲಸ ಮುಗಿಸಿ ರಾತ್ರಿ ಎಂಟೂವರೆಗೆ ಆ ಬಸ್ಸಿನಲ್ಲೇ ಹೋಗಿ, ಇಳಿದು, ಆ ಮನೆಯ ಗೇಟಿನ ತನಕ ಒಬ್ಬಳೇ ನಡೆದು ನೋಡಿದೆ. ಬೀದಿಯಲ್ಲಿ ಎರಡೇ ದೀಪ. ಆದರೆ ಮನೆಗಳಲ್ಲಿ ಜನ ಇದ್ದರು, ಜಗಲಿಯಲ್ಲಿ ಕೂತಿದ್ದ ಹೆಂಗಸರು ಮಾತಾಡಿಸಿದರು. ನಾಲ್ಕು ವರ್ಷದಿಂದ ಬೋರ್‌ವೆಲ್ ಬತ್ತಿಲ್ಲ ಅಂತ ಗೊತ್ತಾದದ್ದೂ ಅವರಿಂದಲೇ.

ಆ ಮನೆ ಮಾರುವವರು ಮೊದಲು ಹೇಳಿದ್ದು 39 ಲಕ್ಷ. ಯುಗಾದಿಯಿಂದ ಮಾರಲಿಕ್ಕೆ ಇಟ್ಟಿದ್ದರು, ಆಷಾಢದಲ್ಲಿ ಕೇಳುವವರು ಯಾರೂ ಇರಲಿಲ್ಲ. ಮೂರು ಲಕ್ಷ ಇಳಿಸಿದ್ದು ಅದಕ್ಕೇ ಅಂತ ನನ್ನ ನಂಬಿಕೆ. ಈ ಸಲ ಕಾಗದವೆಲ್ಲ ವಕೀಲರು ನೋಡಿ, ಆಸ್ತಿಯ ಮೇಲೆ ಸಾಲ, ಅಡಮಾನ ಇದೆಯೇ ಅಂತ ತೋರಿಸುವ ಋಣಭಾರ ಪತ್ರವನ್ನು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ತೆಗೆಸಿ, ಆಮೇಲೇ ಮುಂಗಡ ಕೊಟ್ಟೆವು.

ಬ್ಯಾಂಕು 27 ಲಕ್ಷ ಕೊಟ್ಟಿತು, ಕಂತು 23,400. ಒಂದು ಮಾತು ಮೊದಲೇ ತಿಳಿದಿರಲಿ. ನೋಂದಣಿಯ ಖರ್ಚು ಈ ಸಾಲದಲ್ಲಿ ಬರುವುದಿಲ್ಲ, ಕೈಯಿಂದಲೇ ಕಟ್ಟಬೇಕು. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು, ಆಗ ನೋಂದಣಿ ಶುಲ್ಕ ಶೇ 1. ಎಲ್ಲ ಸೇರಿ ನಮಗೆ ಹತ್ತಿರ 2 ಲಕ್ಷ 40 ಸಾವಿರ ಆಯಿತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2 ಆಗಿದೆ. ನಮ್ಮದೇ ಮನೆ ಇವತ್ತು ಕೊಂಡಿದ್ದರೆ ಇನ್ನೂ 36 ಸಾವಿರ ಬೇಕಿತ್ತು.

ಗೌರಿ ಹಬ್ಬದ ಹೊತ್ತಿಗೆ ನೋಂದಣಿ ಮುಗಿಯಿತು. ಪಂಚಾಯಿತಿಯಲ್ಲಿ ಖಾತೆ ನಮ್ಮಿಬ್ಬರ ಹೆಸರಿಗೆ ಬರಲು ಮತ್ತೆ ಏಳು ವಾರ ಹಿಡಿಯಿತು. ಬೀದಿಗೆ ಮೂರನೇ ದೀಪ ಇನ್ನೂ ಬಂದಿಲ್ಲ. ಜಗಲಿಯ ಹೆಂಗಸರೆಲ್ಲ ಸಹಿ ಹಾಕಿದ ಅರ್ಜಿ ಕೊಟ್ಟು ಬಂದಿದ್ದೇನೆ. ಅಲ್ಲಿಯ ತನಕ ನನ್ನ ಬಸ್ಸು ತಡವಾದ ದಿನ ಅತ್ತೆ ಟಾರ್ಚು ಹಿಡಿದು ತಿರುವಿನ ತನಕ ಬರುತ್ತಾರೆ.