ಹುಣಸೆ ಬೀಜದ ಲೆಕ್ಕ: ನಮ್ಮ ಕೇರಿಯಲ್ಲಿ ಕುಡಿತ ಇಳಿದದ್ದು ಹೇಗೆ

ಚನ್ನಗಿರಿ ತಾಲ್ಲೂಕಿನ ನಮ್ಮ ಕೇರಿಯಲ್ಲಿ ಕುಡಿತ ಮೊದಲಿನ ಅರ್ಧಕ್ಕೂ ಕೆಳಗೆ ಇಳಿದಿದೆ. ಆರಂಭದಲ್ಲಿ ನಕ್ಕವರೇ ಈಗ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಸ್ತ್ರೀಶಕ್ತಿ ಸಂಘಗಳಲ್ಲಿ ದುಡಿಯುವವರಿಗೆ ಸಭೆ ನಡೆಸುವುದನ್ನು ಹೇಳಿಕೊಡಬೇಕಾಗಿಲ್ಲ. ಹಣ ಎಲ್ಲಿ ಪೋಲಾಯಿತು, ಯಾವುದು ಫಲ ಕೊಟ್ಟಿತು ಎಂಬುದನ್ನಷ್ಟೇ ಬರೆಯುತ್ತೇನೆ.

ಮೊದಲ ವರ್ಷ ಎಲ್ಲರಂತೆ ಜೂನ್ 26ರ ಮಾದಕ ವಸ್ತು ವಿರೋಧಿ ದಿನದಂದು ಜಾಥಾ ಮಾಡಿದೆವು. ಶಾಮಿಯಾನ, ಮೈಕು, ಫ್ಲೆಕ್ಸ್, ಅತಿಥಿಗಳಿಗೆ ಹಾರ-ಶಾಲು, ಮಕ್ಕಳಿಗೆ ಉಪ್ಪಿಟ್ಟು ಎಲ್ಲ ಸೇರಿ ಸುಮಾರು 18 ಸಾವಿರ ರೂಪಾಯಿ ಖರ್ಚಾಯಿತು. ಕುಡಿತ ಕೆಟ್ಟದ್ದು ಎಂದು ಎರಡು ಗಂಟೆ ಭಾಷಣ ನಡೆಯಿತು. ಅದು ಕುಡಿಯುವವನಿಗೆ ಎಲ್ಲರಿಗಿಂತ ಮೊದಲೇ ಗೊತ್ತಿರುವ ಸಂಗತಿ. ಬೀದಿ ನಾಟಕಕ್ಕೆ ಮತ್ತೆ ಎಂಟು ಸಾವಿರ ಕೊಟ್ಟೆವು. ಕುಡುಕನ ಪಾತ್ರಧಾರಿ ತೂರಾಡಿದಾಗಲೆಲ್ಲ ಜನ ಬಿದ್ದು ಬಿದ್ದು ನಕ್ಕರು, ಮರುದಿನ ಹುಡುಗರು ಅವನ ನಡಿಗೆಯನ್ನೇ ಮಾಡಿ ತೋರಿಸುತ್ತಿದ್ದರು. ಕುಡುಕನನ್ನು ನಗೆಪಾಟಲು ಮಾಡುವ ನಾಟಕವನ್ನು ಯಾವ ಊರಿನಲ್ಲಿಯೂ ಆಡಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಅಕ್ರಮವಾಗಿ ಮಾರುತ್ತಿದ್ದ ಗೂಡಂಗಡಿಗೆ ಮುತ್ತಿಗೆ ಹಾಕಿದ್ದರಿಂದ ವ್ಯಾಪಾರ ಬೈಕಿನ ಮೇಲೆ ಮನೆಬಾಗಿಲಿಗೇ ಬರತೊಡಗಿತು. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದಾಗಲೂ ನಮ್ಮಲ್ಲಿ ಹೀಗೆಯೇ ಆಗಿತ್ತು. ಸಾರಾಯಿ ಪ್ಯಾಕೆಟ್ ಹೋದ ಜಾಗಕ್ಕೆ 90 ಮಿ.ಲೀ. ಮದ್ಯದ ನೈಂಟಿ ಬಂದು ಕುಳಿತಿತು.

ಆಮೇಲೆ ಆರಂಭಿಸಿದ್ದೇ ಹುಣಸೆ ಬೀಜದ ಎಣಿಕೆ. ವಾರದ ಸಭೆಯಲ್ಲಿ ಉಳಿತಾಯ ಕಟ್ಟುವ ಮುನ್ನ ಪ್ರತಿ ಸದಸ್ಯೆಯೂ ತನ್ನ ಮನೆಯಲ್ಲಿ ಖಾಲಿಯಾದ ನೈಂಟಿಗೆ ಒಂದರಂತೆ ಬೀಜಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಬಂದು, ಬಾಯಿಗೆ ಬಟ್ಟೆ ಕಟ್ಟಿದ ಡಬ್ಬಿಯೊಳಗೆ ಕೈ ತೂರಿಸಿ ಬಿಡಬೇಕು. ಕುಡಿಯುವವರಿಲ್ಲದ ಮನೆಯವರೂ ಮುಷ್ಟಿ ಕಟ್ಟಿಕೊಂಡೇ ಬಂದು ಕೈ ತೂರಿಸಬೇಕು. ಇಲ್ಲವಾದರೆ ಗುಟ್ಟು ನಿಲ್ಲುವುದಿಲ್ಲ. ಮೂವತ್ತೈದರಷ್ಟು ಮನೆಗಳ ಕೇರಿಯಲ್ಲಿ ಮೊದಲ ತಿಂಗಳು 1,200ರ ಆಸುಪಾಸು ಬೀಜ ಬಿದ್ದವು. ಗೂಡಂಗಡಿಯ ದರ 50 ರೂಪಾಯಿ ಹಿಡಿದರೆ 60 ಸಾವಿರ. ಅದೇ ತಿಂಗಳು ಸಂಘದ ಉಳಿತಾಯ ಏಳು ಸಾವಿರ. ಎರಡೂ ಮೊತ್ತವನ್ನು ಸಮುದಾಯ ಭವನದ ಗೋಡೆಯ ಮೇಲೆ ಅಕ್ಕಪಕ್ಕ ಬರೆದೆವು. ಯಾರ ಹೆಸರನ್ನೂ ಬರೆಯಲಿಲ್ಲ.

ಗಂಡಸರು ಮೊದಲು ಜಗಳಕ್ಕೆ ಬಂದರು. ಯಾರ ಮನೆಯ ಲೆಕ್ಕವೆಂದು ತಿಳಿಯದಿದ್ದುದರಿಂದ ಯಾವ ಹೆಂಗಸಿಗೂ ಹೊಡೆತ ಬೀಳಲಿಲ್ಲ. ಕ್ರಮೇಣ ಅವರಲ್ಲಿಯೇ ಒಬ್ಬಿಬ್ಬರು, ಬಿಡಬೇಕೆಂದರೆ ಏನು ಮಾಡಬೇಕಮ್ಮಾ ಎಂದು ಕೇಳಿಕೊಂಡು ಬಂದರು. ಮೊದಲನೆಯವನನ್ನು ನಾಲ್ಕು ಜನರ ಮುಂದೆ ಮಾತನಾಡಲು ಹೇಗೆ ಒಪ್ಪಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಎದುರಿಗೆ ಕುಳಿತವರಿಗೆ ಹೇಳುತ್ತೇನೆ.

ನಿಜವಾದ ಜಾಗೃತಿಯ ಕೆಲಸ ಶುರುವಾದದ್ದು ಇಲ್ಲಿಂದಲೇ. ಬಹುಕಾಲ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಆರೆಂಟು ಗಂಟೆಗಳಲ್ಲಿಯೇ ಕೈ ನಡುಕ, ಬೆವರು, ನಿದ್ರೆಗೇಡು ಶುರುವಾಗಬಹುದು. ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಮೂರನೆಯ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ಇಲ್ಲದ ದನಿ ಕೇಳುವುದು, ಬಡಬಡಿಸುವುದು ಆಗಿ ಪ್ರಾಣಕ್ಕೇ ಕುತ್ತಾಗಬಹುದು. ನಮ್ಮ ಕಡೆ ಇದನ್ನು ಗಾಳಿ ಹಿಡಿದದ್ದೆಂದು ತಿಳಿದು ತಾಯತ ಕಟ್ಟಿಸುತ್ತಾರೆ. ಆ ದಿನಗಳನ್ನು ಆಸ್ಪತ್ರೆಯಲ್ಲಿ ಕಳೆಯಬೇಕೆಂದೂ, ವೈದ್ಯರು ಕೊಡುವ ನಿದ್ರೆಯ ಮಾತ್ರೆ ಮತ್ತು ಬಿ-1 ವಿಟಮಿನ್ ಚುಚ್ಚುಮದ್ದು ಏಕೆ ಬೇಕೆಂದೂ ಮನೆಮನೆಗೆ ಹೋಗಿ ಹೇಳಿದೆವು. ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಗೆ ಹೋಗುವಾಗ ಜೊತೆಗೊಬ್ಬರನ್ನು ಕಳುಹಿಸಿದೆವು. ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಪಾಸ್ ಪುಸ್ತಕದ ಹಿಂಬದಿಯಲ್ಲಿ ಬರೆಸಿದೆವು.

ಇದೇ ಸುತ್ತಾಟದಲ್ಲಿ ತಿಳಿದ ಇನ್ನೊಂದು ವಿಷಯವೆಂದರೆ, ಐದಾರು ಮನೆಗಳಲ್ಲಿ ಗಂಡನಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸುವ ಪುಡಿಗೆ ಮೂರು ಸಾವಿರದವರೆಗೆ ಸುರಿದಿದ್ದರು. ಅಂಥ ಪುಡಿಯಲ್ಲಿರಬಹುದಾದ, ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್‌ನಂಥ ಮದ್ದು ಹೊಟ್ಟೆಯಲ್ಲಿರುವುದು ತಿಳಿಯದೆ ಕುಡಿದವನಿಗೆ ರಕ್ತದೊತ್ತಡ ಕುಸಿದು ಜೀವವೇ ಹೋಗಬಹುದು. ಈ ಒಂದು ಮಾತನ್ನು ಎಲ್ಲ ಸಂಘಗಳೂ ಮುಂದಿನ ಸಭೆಯಲ್ಲಿಯೇ ಹೇಳಬೇಕೆಂದು ಕೈಮುಗಿದು ಕೇಳುತ್ತೇನೆ.

ಅಡಿಕೆ ಕೊಯ್ಲಿನ ಕಾಲದಲ್ಲಿ ಶನಿವಾರ ಸಂಜೆಯ ಬಟವಾಡೆಯನ್ನು ಸೋಮವಾರ ಬೆಳಿಗ್ಗೆಗೆ ಹಾಕಲು ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ಇಬ್ಬರು ಖೇಣಿದಾರರನ್ನು ಒಪ್ಪಿಸಿಯೂ ನೋಡಿದೆವು. ಶನಿವಾರದ ಗಲಾಟೆ ತಗ್ಗಿತು, ಆದರೆ ಕುಡಿತ ಸಾಲದ ಮೇಲೆ ನಡೆಯಿತು. ಬೀಜದ ಲೆಕ್ಕದಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಕುಡಿಯುತ್ತಿದ್ದ ಇಪ್ಪತ್ತು ಚಿಲ್ಲರೆ ಜನರಲ್ಲಿ ಎಂಟೊಂಬತ್ತು ಮಂದಿ ವರ್ಷ ಕಳೆದರೂ ಮುಟ್ಟಿಲ್ಲ. ನಾಲ್ಕೈದು ಮಂದಿ ಊರಮ್ಮನ ಹಬ್ಬದಲ್ಲಿ ಮತ್ತೆ ಹಿಡಿದರು. ಅವರಲ್ಲಿ ಇಬ್ಬರು ತಾವಾಗಿಯೇ ಆಸ್ಪತ್ರೆಗೆ ಮರಳಿದ್ದಾರೆ. ಬೀಜ ತಿಂಗಳಿಗೆ 500ರ ಒಳಗಿವೆ. ಬಸ್ ಚಾರ್ಜು, ಊಟ, ಔಷಧಿ ಎಲ್ಲ ಸೇರಿದರೂ ಒಟ್ಟು ಖರ್ಚು ಹತ್ತು ಸಾವಿರ ದಾಟಿಲ್ಲ, ಅಂದರೆ ಒಂದು ಜಾಥಾದ ಖರ್ಚಿಗಿಂತ ಕಡಿಮೆ. ಗಾಂಜಾ, ಮಾತ್ರೆಗಳಿಗೆ ಬಿದ್ದ ಕಾಲೇಜು ಹುಡುಗರಿಗೆ ಈ ವಿಧಾನ ನಡೆಯುವುದಿಲ್ಲ, ಏಕೆಂದರೆ ಎಣಿಸಬೇಕಾದ ತಾಯಿಗೇ ಅದು ಗೊತ್ತಿರುವುದಿಲ್ಲ. ಜಗಳೂರು ಕಡೆಯ ಎರಡು ಸಂಘಗಳು ಬರುವ ತಿಂಗಳು ಎಣಿಕೆ ಆರಂಭಿಸಲಿವೆ. ಮೊದಲ ನಾಲ್ಕು ವಾರ ನಾನೇ ಹೋಗಿ ಜೊತೆಗಿರುತ್ತೇನೆ.