ಊರಿಗೊಂದು ಸಣ್ಣ ವಿಮಾನ ನಿಲ್ದಾಣ: ಟರ್ಮಿನಲ್ ಚಿತ್ರ ಕೊನೆಗೆ ಬಿಡಿಸಿ

ವಿಮಾನ ನಿಲ್ದಾಣ ಅಂದ ಕೂಡಲೇ ನಮ್ಮ ಕಡೆ ಮೊದಲ ಪ್ರಶ್ನೆ, ‘ಬೆಂಗಳೂರಿಗೆ ಟಿಕೆಟ್ ಎಷ್ಟು?’ ಎರಡನೆಯದು, ಟರ್ಮಿನಲ್ ಹೆಂಗಿರುತ್ತದೆ? ವಿಜಯಪುರದಲ್ಲಾದರೆ ಮೇಲೊಂದು ಗುಮ್ಮಟ ಇರಲೇಬೇಕು ಅನ್ನುವವರು ನಾಲ್ಕು ಜನ ಸಿಕ್ಕೇ ಸಿಗುತ್ತಾರೆ. ಆದರೆ ತರಬೇತಿ ವಿಮಾನ, ಬಾಡಿಗೆ ವಿಮಾನ, ಏರ್ ಆಂಬುಲೆನ್ಸ್, ಖಾಸಗಿ ವಿಮಾನ ಬಂದು ಹೋಗುವ ಸಣ್ಣ ನಿಲ್ದಾಣದ ಲೆಕ್ಕವೇ ಬೇರೆ. ಅಲ್ಲಿ ವೇಳಾಪಟ್ಟಿ ಇಲ್ಲ, ಲಗೇಜ್ ಬೆಲ್ಟ್ ಇಲ್ಲ. ಇಪ್ಪತ್ತು ವರ್ಷದ ನಕ್ಷೆ ಮಾತ್ರ ಬೇಕೇ ಬೇಕು.

ಮೊದಲು ಬರುವವರು ಯಾರು ಅಂತ ಬರೆದಿಡಿ. ಬೆಳಗಾವಿಯ ಸಾಂಬ್ರಾ ನಿಲ್ದಾಣದಲ್ಲಿ ಪೈಲಟ್ ತರಬೇತಿ ಶಾಲೆಗಳಿಗೆ 2021ರಲ್ಲಿ ಅವಕಾಶ ಕೊಟ್ಟರು. ತರಬೇತಿ ವಿಮಾನ ಸುಮ್ನೆ ಸುತ್ತು ಹೊಡೆಯುತ್ತಿರುತ್ತದೆ. ರನ್‌ವೇ ಮುಟ್ಟುತ್ತದೆ, ನಿಲ್ಲದೆ ಮತ್ತೆ ಏರುತ್ತದೆ, ಆರೇಳು ನಿಮಿಷಕ್ಕೆ ತಿರುಗಿ ಹಾಜರ್. ಪ್ರತಿ ಸಲ ಮುಟ್ಟಿ ಏರಿದ್ದು ಲೆಕ್ಕದಲ್ಲಿ ಎರಡು: ಒಂದು ಇಳಿತ, ಒಂದು ಏರಿಕೆ. ಹಾಗಾಗಿ ಒಬ್ಬ ವಿದ್ಯಾರ್ಥಿ ಏಳು ಸುತ್ತು ಹೊಡೆದರೆ ಹದಿನಾಲ್ಕು. ಪುಸ್ತಕದಲ್ಲಿ ಅಂಕಿ ದೊಡ್ಡದಾಗಿ ಕಂಡರೂ ನಿಲ್ಲಿಸಲು ಬೇಕಾದ ಜಾಗ ಒಂದೇ ವಿಮಾನದ್ದು. ಆದ್ದರಿಂದ ತರಬೇತಿಯದ್ದು ಒಂದು ಕಾಲಮ್, ಬಂದು ಹೋಗುವವರದ್ದು ಇನ್ನೊಂದು.

ಈಗ ನಿಮ್ಮ ನಿಲ್ದಾಣಕ್ಕೆ ಅಳತೆಗೋಲಾಗುವ ವಿಮಾನ ಆರಿಸಿ. ವರ್ಷಕ್ಕೊಮ್ಮೆ ಯಾರೋ ದೊಡ್ಡವರು ತರುವ ಜೆಟ್ ಅಲ್ಲ, ದಿನಾ ಬರುವುದು. ಅಮೆರಿಕದಲ್ಲಿ ಇದಕ್ಕೊಂದು ಗೆರೆ ಇದೆ. ಮುಟ್ಟಿ ಏರುವ ಅಭ್ಯಾಸ ಬಿಟ್ಟು, ಏರಿಕೆ, ಇಳಿತ ಎರಡೂ ಸೇರಿ ವರ್ಷಕ್ಕೆ ಕನಿಷ್ಠ 500 ಆಗುವ ವಿಮಾನವೇ ಅಳತೆ. ನಮಗೂ ಇದು ಒಳ್ಳೆಯ ಅಂದಾಜು. ರೆಕ್ಕೆಯಗಲವನ್ನೂ ಬರೆದುಕೊಳ್ಳಿ. ಸಣ್ಣ ತರಬೇತಿ ವಿಮಾನ ಸೆಸ್ನಾ 172ಕ್ಕೆ 11 ಮೀಟರ್, ಪ್ರಯಾಣಿಕರನ್ನು ಒಯ್ಯುವ ಎಟಿಆರ್ 72ಕ್ಕೆ 27. ವಿಮಾನ ನೆಲದ ಮೇಲೆ ಓಡಾಡುವ ದಾರಿ, ಅಂದರೆ ಟ್ಯಾಕ್ಸಿವೇ, ರನ್‌ವೇಯಿಂದ ಎಷ್ಟು ದೂರ, ವಿಮಾನದ ಶೆಡ್ಡು, ಅಂದರೆ ಹ್ಯಾಂಗರ್, ಎಷ್ಟು ಅಗಲ ಅನ್ನುವುದೆಲ್ಲ ಅದರಿಂದಲೇ ಹೊರಡುತ್ತದೆ.

ಆಮೇಲೆ ಗಾಳಿ. ಕನಿಷ್ಠ ಐದು ವರ್ಷದ ಗಾಳಿಯ ಲೆಕ್ಕ, ದಿನಕ್ಕೆ ಎಂಟು ಸಲ ಬರೆದದ್ದು ಸಿಕ್ಕರೆ ಒಳ್ಳೆಯದು. ವರ್ಷದಲ್ಲಿ ಶೇ 95ರಷ್ಟು ಸಮಯವಾದರೂ ಅಡ್ಡಗಾಳಿ ತೊಂದರೆ ಕೊಡದಂತೆ ರನ್‌ವೇ ತಿರುಗಿಸಬೇಕು ಅನ್ನುತ್ತದೆ ಅಂತರರಾಷ್ಟ್ರೀಯ ನಿಯಮ. ಸಣ್ಣ ವಿಮಾನಕ್ಕೆ ಈ ಅಡ್ಡಗಾಳಿಯ ಮಿತಿ ಗಂಟೆಗೆ 19 ಕಿಲೋಮೀಟರ್ ಅಷ್ಟೇ. ಸಾಂಬ್ರಾ ರನ್‌ವೇ ಹೆಸರು 08/26. ಅಂದರೆ ದಿಕ್ಸೂಚಿಯಲ್ಲಿ ಹೆಚ್ಚುಕಡಿಮೆ 80 ಮತ್ತು 260 ಡಿಗ್ರಿ, ಪೂರ್ವ–ಪಶ್ಚಿಮ. ಮುಂಗಾರಿನಲ್ಲಿ ಪಶ್ಚಿಮದಿಂದ ಬೀಸುವ ಊರಿಗೆ ಹೇಳಿ ಮಾಡಿಸಿದ ಹಾಗಿದೆ. ಹೊಲದ ಬದುವಿಗೆ ಸಮಾನಾಂತರ, ಹೆದ್ದಾರಿಗೆ ಸಮಾನಾಂತರ ಅಂತ ಗೆರೆ ಎಳೆಯುವವರಿದ್ದಾರೆ. ಗಾಳಿಗೆ ಜಮೀನಿನ ಉತಾರ ಓದಲು ಬರುವುದಿಲ್ಲ, ಅಲ್ವಾ?

ಇನ್ನು ಉದ್ದ. ಜಾಸ್ತಿ ಜನ ಎಡವುವುದು ಇಲ್ಲೇ. ಸಮುದ್ರ ಮಟ್ಟದಲ್ಲಿ, 15 ಡಿಗ್ರಿ ತಂಪಿನಲ್ಲಿ ನಿಮ್ಮ ವಿಮಾನಕ್ಕೆ 800 ಮೀಟರ್ ಸಾಕು ಅಂತಿಟ್ಟುಕೊಳ್ಳಿ. ವಿಜಯಪುರದ ಎತ್ತರ ಸುಮಾರು 600 ಮೀಟರ್. ಪ್ರತಿ 300 ಮೀಟರ್‌ಗೆ ಶೇ 7ರಂತೆ ಶೇ 14 ಸೇರಿಸಿ. 912 ಆಯಿತು. ಈಗ ಬಿಸಿಲು. ಆ ಎತ್ತರದಲ್ಲಿ ಲೆಕ್ಕದ ಪ್ರಕಾರ ಇರಬೇಕಾದ ಉಷ್ಣಾಂಶ 11 ಡಿಗ್ರಿ. ಬೇಸಿಗೆಯ ಕಡು ತಿಂಗಳಲ್ಲಿ ಮಧ್ಯಾಹ್ನದ ಸರಾಸರಿ 39 ಅಂತ ಹಿಡಿದರೆ 28 ಡಿಗ್ರಿ ಹೆಚ್ಚು. ಡಿಗ್ರಿಗೆ ಶೇ 1ರಂತೆ ಸೇರಿಸಿದರೆ 1,167 ಮೀಟರ್. ನೆಲ ಇಳಿಜಾರಿದ್ದರೆ ಪ್ರತಿ ಶೇ 1ಕ್ಕೆ ಇನ್ನೂ ಶೇ 10. ಬಿಸಿ ಗಾಳಿ ತೆಳು. ರೆಕ್ಕೆಗೂ ಎಂಜಿನ್‌ಗೂ ಅದರಲ್ಲಿ ಹಿಡಿತ ಕಡಿಮೆ. ಎತ್ತರ, ಬಿಸಿಲು ಎರಡೂ ಸೇರಿ ಶೇ 35 ದಾಟಿದರೆ ಈ ಕೈಲೆಕ್ಕ ನಡೆಯುವುದಿಲ್ಲ, ಬೇರೆಯೇ ಅಧ್ಯಯನ ಮಾಡಿಸಬೇಕು. ನಮ್ಮದು 46ಕ್ಕೆ ಹೋಗಿದೆ! ಕೈಲೆಕ್ಕ ನಿಮಗೆ ಅಂದಾಜು ಕೊಡುತ್ತದೆ, ಟೆಂಡರ್‌ಗೆ ಹಾಕುವ ಅಂಕಿಯನ್ನಲ್ಲ.

ಎರಡೂ ತುದಿಯಾಚೆ 60 ಮೀಟರ್ ಸಮತಟ್ಟು ಪಟ್ಟಿ, ಅದರಾಚೆ ಸುರಕ್ಷತೆಯ ಖಾಲಿ ಜಾಗ ಬೇಕು. ಮುಂದೆ ರನ್‌ವೇ ಬೆಳೆಸುವ ಆಸೆ ಇದ್ದರೆ ಆ ದಿಕ್ಕಿನ ಜಮೀನನ್ನು ಇವತ್ತೇ ನಕ್ಷೆಯಲ್ಲಿ ಗುರುತಿಸಿ. ಸಾಂಬ್ರಾ 1942ರ ಯುದ್ಧಕಾಲದ ನಿಲ್ದಾಣ. 1,830 ಮೀಟರ್ ಇದ್ದ ರನ್‌ವೇ 2,300 ಮೀಟರ್ ಆಗಿ, ಹೊಸ ಟರ್ಮಿನಲ್ ಉದ್ಘಾಟನೆಯಾದದ್ದು 2017ರಲ್ಲಿ. ಎಪ್ಪತ್ತೈದು ವರ್ಷ! ಅಷ್ಟರಲ್ಲಿ ಯಾವ ಊರಾದರೂ ಬೇಲಿಯ ತನಕ ಬೆಳೆದುಬಿಡುತ್ತದೆ.

ನೆಲದ ಮಾತು. ನಮ್ಮ ಡೋಣಿ ನದಿಯ ಬಗ್ಗೆ ‘ಡೋಣಿ ಹರಿದರೆ ಓಣೆಲ್ಲ ಜೋಳ’ ಅನ್ನುವ ಮಣ್ಣಿದು. ಜೋಳಕ್ಕೆ ಬಂಗಾರ, ಡಾಂಬರಿಗೆ ಶನಿ. ಮೇ ತಿಂಗಳಲ್ಲಿ ಎರಿ, ಅಂದರೆ ಕಪ್ಪು ಮಣ್ಣಿನ, ಹೊಲದ ಬಿರುಕಿಗೆ ಕೈ ಇಳಿಸಿ ನೋಡಿ, ಮೊಣಕೈತನಕ ಹೋಗುತ್ತದೆ. ಮಳೆ ಬಿದ್ದರೆ ಅದೇ ಮಣ್ಣು ಉಬ್ಬಿ ಮೇಲಿನದನ್ನೆಲ್ಲ ಎತ್ತುತ್ತದೆ. ಉದ್ದಕ್ಕೂ ಗುಂಡಿ ತೋಡಿಸಿ, ಎರಿ ಎಷ್ಟು ಆಳ ಇದೆ ನೋಡಿ. ಅದನ್ನು ತೆಗೆದು ಗರಸು ತುಂಬಬೇಕೋ, ಸುಣ್ಣ ಬೆರೆಸಿ ಗಟ್ಟಿ ಮಾಡಬೇಕೋ ಅನ್ನುವುದರ ಮೇಲೆ ಖರ್ಚು ನಿಂತಿದೆ. ನೀರು ಹೊರಗೆ ಹೋಗುವ ಕಾಲುವೆಯೂ ಇದೇ ಹಂತದಲ್ಲಿ ನಕ್ಷೆಗೆ ಬರಲಿ.

ಬೇಲಿಯ ಹೊರಗೂ ನೋಡಬೇಕು. ಕಣ್ಣಿನಿಂದಲೇ ನೋಡಿ ಇಳಿಯುವ ಇಂಥ ಸಣ್ಣ ರನ್‌ವೇಗೆ, ಪಟ್ಟಿಯ ತುದಿಯಿಂದ ಒಂದು ಕಾಣದ ಇಳಿಜಾರು ಏರುತ್ತಾ ಹೋಗುತ್ತದೆ, 25 ಮೀಟರ್‌ಗೆ 1 ಮೀಟರ್. 500 ಮೀಟರ್ ದೂರದಲ್ಲಿ ಅದರ ಎತ್ತರ ಬರೀ 20 ಮೀಟರ್. ಕರೆಂಟ್ ಟವರ್, ಮೊಬೈಲ್ ಟವರ್, ನೀರಿನ ಟ್ಯಾಂಕ್ ಅದನ್ನು ತೂರಿ ನಿಲ್ಲುವಂತಿಲ್ಲ. ಕಬ್ಬಿನ ಸೀಮೆಯಲ್ಲಿ ಕಾರ್ಖಾನೆಯ ಚಿಮಣಿ ಒಂದು ಕಡೆಯಾದರೆ, ಕಬ್ಬಿನ ಒಣ ಎಲೆ, ಅಂದರೆ ರವದಿಗೆ ಬೆಂಕಿ ಹಚ್ಚಿದಾಗಿನ ಹೊಗೆ ಇನ್ನೊಂದು ಕಡೆ. ಕಸದ ಗುಡ್ಡೆ ಇದ್ದಲ್ಲಿ ಹದ್ದು ಬರುತ್ತವೆ. ನಿಲ್ದಾಣದಿಂದ 10 ಕಿಲೋಮೀಟರ್ ಒಳಗೆ ಬಯಲಲ್ಲಿ ಕಸ ಸುರಿಯುವಂತಿಲ್ಲ ಅಂತ 1937ರ ವಿಮಾನ ನಿಯಮಗಳಲ್ಲೇ ಇದೆ. ಸುತ್ತಲಿನ ಪಂಚಾಯಿತಿಗಳಿಗೆ ಇದೆಲ್ಲ ಮೊದಲೇ ಕೂತು ಹೇಳಿ. ಮನೆ ಕಟ್ಟಿದ ಮೇಲೆ ಹೋಗಿ ಹೇಳಿದರೆ ಬೈಸಿಕೊಳ್ಳಬೇಕಾಗುತ್ತದೆ, ಮತ್ತು ಬೈದವರದ್ದು ತಪ್ಪಲ್ಲ.

ಇಂಧನದ ಟ್ಯಾಂಕ್ ಇಡಬೇಕೋ ಬೇಡವೋ ಅನ್ನುವುದೂ ಬೇಗ ತೀರ್ಮಾನವಾಗಲಿ. ಇಂಧನ ತುಂಬುವ ವ್ಯವಸ್ಥೆ, ಸಂಚಾರ ನಿಯಂತ್ರಣ ಇಲ್ಲದ ಬರೀ ಏರ್‌ಸ್ಟ್ರಿಪ್‌ಗೆ ಕೇಂದ್ರದ ಪರಿಸರ ಅಧಿಸೂಚನೆಯಿಂದ ವಿನಾಯಿತಿ ಇದೆ. ಇಟ್ಟರೆ ಅನುಮತಿ ಪಡೆಯಬೇಕು. ಯಾವ ಇಂಧನ ಅನ್ನುವುದು ಇನ್ನೊಂದು ಪ್ರಶ್ನೆ. ಪಿಸ್ಟನ್ ಎಂಜಿನ್‌ನ ಹೆಚ್ಚಿನ ಸಣ್ಣ ವಿಮಾನಗಳಿಗೆ ಏವ್‌ಗ್ಯಾಸ್ ಅನ್ನುವ ವಿಮಾನದ ಪೆಟ್ರೋಲ್ ಬೇಕು, ಜೆಟ್ ಇಂಧನ ನಡೆಯುವುದಿಲ್ಲ.

ಈಗ ಕಾಗದದ ಮೇಲೆ ಐದು, ಹತ್ತು, ಇಪ್ಪತ್ತು ವರ್ಷ ಅಂತ ಮೂರು ಬಣ್ಣ ಹಾಕಿ. ಮೊದಲ ಬಣ್ಣದಲ್ಲಿ ರನ್‌ವೇ, ವಿಮಾನ ನಿಲ್ಲಿಸುವ ಅಂಗಳ (ಏಪ್ರನ್) ಒಂದು, ಎರಡು ಹ್ಯಾಂಗರ್, ಗಾಳಿಚೀಲ. ಸಮಾನಾಂತರ ಟ್ಯಾಕ್ಸಿವೇಯ ಜಾಗ ಖಾಲಿ ಇರಲಿ, ಅಲ್ಲಿ ಕ್ಯಾಂಟೀನ್ ಕಟ್ಟಬೇಡಿ.

ಟರ್ಮಿನಲ್? ಎರಡು ಕೋಣೆ, ಶೌಚಾಲಯ, ಕುಡಿಯುವ ನೀರು, ಹೊರಗೊಂದು ಬೇವಿನ ನೆರಳು. ಪಕ್ಕದಲ್ಲೇ ಅಗಲವಾದ ಒಂದು ಗೇಟ್. ಆಂಬುಲೆನ್ಸ್ ಎಲ್ಲೂ ತಿರುಗದೆ ನೇರ ವಿಮಾನದ ಬಾಗಿಲಿಗೆ ಹೋಗಬೇಕು. ಗುಮ್ಮಟ ಮೂರನೇ ಬಣ್ಣದಲ್ಲಿರಲಿ.