ನಮ್ಮ ಸೊಪ್ಪಿನ ಬೆಟ್ಟದ ಬಾಣಂತಿ

ನಮ್ಮ ಕಡೆ ಯುಗಾದಿ ಬರುವ ಹೊತ್ತಿಗೆ ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾಗಿರುತ್ತದೆ. ಹೂಮಳೆಗೆ ಆಕಾಶ ನೋಡುತ್ತಾ ಕೂರುವ ದಿನಗಳಲ್ಲಿ ಸೊಪ್ಪಿನ ಬೆಟ್ಟದಿಂದ ದರಗು ಗುಡಿಸಿ ತರುವ ಕೆಲಸ ಶುರುವಾಗುತ್ತದೆ. ಕೊಟ್ಟಿಗೆಗೆ ಹಾಸಲು, ಅಡಿಕೆ ಬುಡಕ್ಕೆ ಮುಚ್ಚಲು, ಗೊಬ್ಬರದ ಗುಂಡಿಗೆ, ಹೀಗೆ ಎಲ್ಲದಕ್ಕೂ ಆ ಒಣಗಿದ ಎಲೆಯೇ ಬೇಕು. ಕಳಸದ ಹತ್ತಿರ, ಭದ್ರಾ ಹೊಳೆಗೆ ಇಳಿಯುವ ಜಾರಿನಲ್ಲಿ ನಮ್ಮ ಸಣ್ಣ ತೋಟ. ಕೆಳಗೆ ಅಡಿಕೆ, ನಡುವೆ ರೋಬಸ್ಟಾ, ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು.

2022ರ ಏಪ್ರಿಲ್ 14ರ ಬೆಳಗ್ಗೆ ದರಗಿಗೆ ಹೋಗಿದ್ದ ಹೆಂಗಸರು ಅರ್ಧ ಗಂಟೆಯೊಳಗೆ ಬರಿಗೈಯಲ್ಲಿ ಇಳಿದು ಬಂದರು. ಅವರಲ್ಲಿ ಹಿರಿಯಳು, ನಮ್ಮಲ್ಲಿ ಇಪ್ಪತ್ತು ವರ್ಷದಿಂದ ಕೆಲಸಕ್ಕೆ ಬರುವವಳು, ಜಗುಲಿಯ ಕಂಬ ಹಿಡಿದು ನಿಂತು ಹೇಳಿದಳು: "ಅಯ್ಯಾ, ಮೇಲೆ ನಮಗಿಂತ ಮೊದಲೇ ಯಾರೋ ದರಗು ಗುಡ್ಡೆ ಹಾಕಿಟ್ಟಿದ್ದಾರೆ. ಹಾಕಿದವಳು ಅದರ ಮೇಲೇ ಮಲಗಿದ್ದಾಳೆ."

ಹೋಗಿ ದೂರದಿಂದ ನೋಡಿದೆ. ಬಿದಿರು ಮೆಳೆಯ ಬುಡದಲ್ಲಿ ಮೊಣಕಾಲೆತ್ತರದ ದರಗಿನ ಗೋಪುರ. ಸುತ್ತ ಎರಡು ಮಾರು ನೆಲ ಗುಡಿಸಿದ ಅಂಗಳದಂತೆ ಚೊಕ್ಕ. ಗೋಪುರದ ನೆತ್ತಿಯಲ್ಲಿ ಸುರುಳಿ ಸುತ್ತಿಕೊಂಡ ಕಾಳಿಂಗ. ಕಂದು ಮಿಶ್ರಿತ ಕಪ್ಪು ಮೈ, ಅದರ ಮೇಲೆ ಮಾಸಿದ ಬಿಳಿಯ ಪಟ್ಟೆಗಳು. ನಾವು ಪೊರಕೆ ಹಿಡಿದು ಗುಡಿಸುವುದನ್ನು ಅವಳು ಕೈಕಾಲಿಲ್ಲದೆ, ಮೈಯನ್ನೇ ಕೊಕ್ಕೆಯಂತೆ ಬಾಗಿಸಿ ಎಳೆದೆಳೆದು ಗುಡಿಸಿದ್ದಳು. ಹಾವುಗಳಲ್ಲಿ ಹೀಗೆ ಗೂಡು ಕಟ್ಟಿ ಮೊಟ್ಟೆ ಇಡುವುದು ಕಾಳಿಂಗವೊಂದೇ. ಓದಿ ತಿಳಿದಿದ್ದೆ. ನಮ್ಮದೇ ದರಗಿನಲ್ಲಿ ನೋಡುತ್ತೇನೆಂದು ಎಣಿಸಿರಲಿಲ್ಲ.

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ನಾನು ಮೂರನೆಯ ಕ್ಲಾಸಿನಲ್ಲಿದ್ದಾಗ ನಮ್ಮ ಹುಲ್ಲು ಗೊಣಬೆಯೊಳಗೆ ಕೇರೆಹಾವೊಂದನ್ನು ಅಟ್ಟಿಸಿಕೊಂಡು ಕಾಳಿಂಗ ನುಗ್ಗಿತ್ತು. ಊರವರು ಸೇರಿದರು, ಕೋವಿ ಬಂತು. ಸತ್ತ ಹಾವನ್ನು ಕಣದಲ್ಲಿ ನೀಟಾಗಿ ಮಲಗಿಸಿ ಮೊಳ ಹಾಕಿ ಅಳೆದರು. ಅದರ ಬಾಲದ ತುದಿ ಸಂಜೆಯವರೆಗೆ ಆಗಾಗ ಅಲುಗುತ್ತಿತ್ತು, ನಾನು ಮಾತ್ರ ಹತ್ತಿರ ಕೂತು ನೋಡುತ್ತಿದ್ದೆ. ಅದು ಯಾರ ತಂಟೆಗೂ ಬಂದಿರಲಿಲ್ಲ, ತನ್ನ ಊಟದ ಹಿಂದೆ ಬಂದಿತ್ತು. ಕಾಳಿಂಗದ ಊಟವೇ ಹಾವು: ಕೇರೆ, ನಾಗರ, ಮಂಡಲ. ಆ ಅಲುಗುವ ಬಾಲ ನನ್ನ ಕಣ್ಣಿನಿಂದ ಇವತ್ತಿಗೂ ಹೋಗಿಲ್ಲ. ಬಿದಿರು ಮೆಳೆಯ ಬುಡದಲ್ಲಿ ಅವಳನ್ನು ಕಂಡಾಗ ನಾನು ಏನು ಮಾಡಬೇಕೆಂಬುದು ಆವತ್ತೇ ತೀರ್ಮಾನವಾಗಿತ್ತು ಅನ್ನಿಸುತ್ತದೆ.

ತೀರ್ಮಾನ ಸುಲಭ. ಆಮೇಲಿನ 85 ದಿನ ಸುಲಭವಿರಲಿಲ್ಲ.

ಮೊದಲು ಅರಣ್ಯ ಇಲಾಖೆಗೆ ಫೋನ್ ಮಾಡಿದೆ. ಕಾಳಿಂಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುವ ಪ್ರಾಣಿ, ನಮ್ಮ ಜಮೀನು ಎಂದ ಮಾತ್ರಕ್ಕೆ ಗೂಡು ಮುಟ್ಟುವ ಹಕ್ಕು ನಮಗಿಲ್ಲ. ಗಾರ್ಡ್ ಜೊತೆ ಹಾವಿನ ವಿಚಾರ ಬಲ್ಲ ಒಬ್ಬರು ಬಂದರು. ಮೊಟ್ಟೆ ಇಟ್ಟು ಒಂದೆರಡು ದಿನ ಆಗಿರಬಹುದೆಂದು ಅಂದಾಜಿಸಿದರು. ಹಾವಿನ ಮೊಟ್ಟೆಯನ್ನು ಕೋಳಿಮೊಟ್ಟೆಯಂತೆ ಹೊರಳಿಸಿ ಇಡಲು ಬರುವುದಿಲ್ಲ, ಮಗುಚಿದರೆ ಒಳಗಿನ ಮರಿ ಸಾಯುವ ಸಂಭವವೇ ಹೆಚ್ಚು. ತಾಯನ್ನು ಹಿಡಿದು ದೂರ ಬಿಟ್ಟರೆ ಅವಳು ದಿಕ್ಕು ತಪ್ಪಿ ಅಲೆಯುತ್ತಾಳೆ. ಆಗುಂಬೆಯಲ್ಲಿ ರೋಮುಲಸ್ ವಿಟೇಕರ್ 2005ರಲ್ಲಿ ಕಟ್ಟಿದ ಮಳೆಕಾಡು ಸಂಶೋಧನಾ ಕೇಂದ್ರದವರು ಕಾಳಿಂಗಗಳ ಮೈಯೊಳಗೆ ರೇಡಿಯೋ ಟ್ರಾನ್ಸ್‌ಮಿಟರ್ ಇಟ್ಟು ಅವುಗಳ ಹಿಂದೆ ನಡೆದು ನೋಡಿದ್ದಾರೆ. ಬೇರೆ ಕಡೆ ಒಯ್ದು ಬಿಟ್ಟ ಹಾವಿನ ಓಡಾಟವೇ ಬೇರೆ ಎಂದು ಬಂದವರು ವಿವರಿಸಿದರು. ಅಂದರೆ ಗೂಡು ಇದ್ದಲ್ಲೇ ಇರಬೇಕು, ಸರಿಯಬೇಕಾದವರು ನಾವು.

ಸರಿಯುವುದು ಎಂದರೆ ತೋಟದವನಿಗೆ ಏನೆಂದು ತೋಟ ಮಾಡಿದವರಿಗೇ ಗೊತ್ತು. ನಮ್ಮ ಮನೆಗೆ ಅಬ್ಬಿ ನೀರು. ಬೆಟ್ಟದ ಝರಿಗೆ ಪೈಪು ಇಟ್ಟು ತಂದದ್ದು. ಎಲೆ ಕಟ್ಟಿಕೊಂಡಾಗಲೆಲ್ಲ ಹತ್ತಿ ಹೋಗಿ ಬಿಡಿಸಬೇಕು. ಆ ಕಾಲುದಾರಿ ಗೂಡಿನಿಂದ ಹದಿನೈದು ಹೆಜ್ಜೆ. ಎರಡು ದಿನ ಕತ್ತಿ ಹಿಡಿದು ಲಂಟಾನ ಸವರಿ ಇನ್ನೊಂದು ಮಗ್ಗುಲಿನಿಂದ ಹೊಸ ದಾರಿ ಮಾಡಿದೆ. ಗೂಡಿನ ಸುತ್ತ ಮೂವತ್ತು ಹೆಜ್ಜೆ ದೂರಕ್ಕೆ ಅಡಿಕೆ ದಬ್ಬೆ ನೆಟ್ಟು ತೆಂಗಿನ ಹಗ್ಗ ಕಟ್ಟಿದೆ. ಅದು ಹಾವಿಗೆ ಹಾಕಿದ ಬೇಲಿಯಲ್ಲ, ನಮ್ಮ ಕಾಲಿಗೆ ಹಾಕಿದ ಗುರುತು. ನಾಯಿಗಳನ್ನು ಕಟ್ಟಿದೆ. ಆ ಪಟ್ಟಿಯಲ್ಲಿ ಕಳೆ ಹೊಡೆಯುವ ಮಷೀನು ಬಂದ್. ಕೊಟ್ಟಿಗೆಗೆ ಆ ವರ್ಷ ದರಗಿನ ಬದಲು ಭತ್ತದ ಹೊಟ್ಟು, ಅಡಿಕೆ ಸಿಪ್ಪೆ.

ಕೆಲಸದವರು ಬರುತ್ತಾರೋ ಇಲ್ಲವೋ ಎಂಬುದೇ ದೊಡ್ಡ ಚಿಂತೆಯಾಗಿತ್ತು. ಕಾಳಿಂಗ ಹನ್ನೆರಡು ವರ್ಷ ಹಗೆ ಸಾಧಿಸುತ್ತದೆ ಎಂಬ ಮಾತು ನಮ್ಮಲ್ಲಿ ಈಗಲೂ ಇದೆ. ನಾನು ಎಷ್ಟು ವಿವರಿಸಿದರೂ ಆಗದ ಕೆಲಸವನ್ನು ಆ ಹಿರಿಯ ಹೆಂಗಸು ಒಂದೇ ಮಾತಿನಲ್ಲಿ ಮಾಡಿದಳು. "ಮೇಲೆ ಬಾಣಂತಿ ಕೂತಿದ್ದಾಳೆ, ಆ ಕಡೆ ಗಲಾಟೆ ಮಾಡಬೇಡಿ" ಎಂದಳು. ಮರುದಿನದಿಂದ ಎಲ್ಲರ ಬಾಯಲ್ಲೂ ಅದೇ ಹೆಸರು. ಬಾಣಂತಿ ಇದ್ದಾಳಾ? ಬಾಣಂತಿ ಮಳೆಯಲ್ಲಿ ನೆನೆದಳಾ? ನಾಗಬನಕ್ಕೆ ತಪ್ಪದೆ ತನು ಎರೆಯುವ ಮನೆಗಳಲ್ಲೂ ಕಾಳಿಂಗ ಕಂಡರೆ ಬಡಿಗೆ ಹುಡುಕುವುದನ್ನು ನೋಡಿದ್ದೇನೆ. ಒಂದು ಹೆಸರು ಅಷ್ಟು ಕೆಲಸ ಮಾಡೀತೆಂದು ನನಗೆ ತಿಳಿದಿರಲಿಲ್ಲ.

ಹಾವಿಗಿಂತ ಕಷ್ಟ ಕೊಟ್ಟದ್ದು ಮೊಬೈಲು. ಕೆಲಸಕ್ಕೆ ಬಂದ ಹುಡುಗನೊಬ್ಬ ದೂರದಿಂದ ತೆಗೆದ ವಿಡಿಯೋ ಎರಡೇ ದಿನದಲ್ಲಿ ಎಲ್ಲೆಲ್ಲಿಗೋ ಹೋಯಿತು. ಹೊರನಾಡಿನ ದೇವಸ್ಥಾನಕ್ಕೆ ಬಂದವರು ಕಾರು ತಿರುಗಿಸಿ ನಮ್ಮ ಅಂಗಳಕ್ಕೆ ಬಂದರು. ಹಾವು ಹಿಡಿಯುತ್ತೇನೆಂದು ಒಬ್ಬ ಬಂದ. ಬಾಲ ಹಿಡಿದು ಎತ್ತಿ ಒಂದು ವಿಡಿಯೋ ಮಾಡಿಕೊಳ್ಳುತ್ತೇನೆ, ಹಾಗೇ ಬಿಟ್ಟುಬಿಡುತ್ತೇನೆ ಎಂದ. ಅವನನ್ನು ಕಳಿಸಲು ನಾನು ಏರಿದ ದನಿಯಲ್ಲಿ ಮಾತಾಡಬೇಕಾಯಿತು. ಆವತ್ತಿನಿಂದ ಯಾರು ಕೇಳಿದರೂ "ಹೊರಟುಹೋಯಿತು" ಎಂದೆ. ಸುಳ್ಳು ಹೇಳಿದ್ದಕ್ಕೆ ನನಗೆ ಬೇಸರವಿಲ್ಲ.

ದಿನಕ್ಕೊಮ್ಮೆ ಮಾತ್ರ, ಬೆಳಗ್ಗೆ ಎಂಟಕ್ಕೆ, ಹಗ್ಗದ ಆಚೆ ನಿಂತು ನೋಡಿ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯುತ್ತಿದ್ದೆ. ಹೆಚ್ಚಿನ ಸಾಲುಗಳು ಒಂದೇ ತರ: "ಇದ್ದಾಳೆ. ತಲೆ ಬಿದಿರಿನ ಕಡೆ." ನಾನು ನೋಡಿದ ಹೊತ್ತಿನಲ್ಲಿ ಅವಳು ಒಮ್ಮೆಯೂ ಏನನ್ನೂ ತಿಂದದ್ದಿಲ್ಲ. ಭರಣಿ ಮಳೆ ಗುಡುಗು ಸಮೇತ ಬಡಿದ ರಾತ್ರಿಯ ಮರುದಿನ ಓಡಿ ಹೋಗಿ ನೋಡಿದರೆ ಗೂಡು ಒಂದಿಷ್ಟೂ ಕುಸಿದಿಲ್ಲ. ಎಲೆಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂತಿದ್ದವು. ಮೇಲಿನ ಎಲೆ ತೊಯ್ದು ಕಪ್ಪಾಗಿತ್ತು, ನೀರು ಇಳಿದು ಬದಿಗೆ ಹೋಗಿತ್ತು. ಅವಳ ಬೆನ್ನ ಮೇಲೆ ಹಾಲುವಾಣದ ಒಂದು ಹಳದಿ ಎಲೆ ಅಂಟಿಕೊಂಡಿತ್ತು. ಎರಡು ದಿನ ಅದು ಅಲ್ಲೇ ಇತ್ತು.

ಮೇ 20ರಂದು ನಾನು ತಪ್ಪು ಮಾಡಿದೆ. ಹಿಂದಿನ ರಾತ್ರಿಯ ಗಾಳಿಗೆ ಮತ್ತಿ ಮರದ ರೆಂಬೆ ಮುರಿದು ಗೂಡಿನ ಮಗ್ಗುಲಿಗೆ ಬಿದ್ದಿತ್ತು. ಅದು ಜಾರಿ ಗೂಡಿನ ಮೇಲೆ ಕೂತರೆ ಎಂಬ ಆತಂಕ. ಮೂವತ್ತಾರು ದಿನ ಅವಳು ಸುಮ್ಮನಿದ್ದದ್ದನ್ನು ನೋಡಿ ನನಗೆ ಸಲಿಗೆ ಬಂದುಬಿಟ್ಟಿತ್ತು. ಯಾರಿಗೂ ಹೇಳದೆ ಹಗ್ಗ ದಾಟಿ ಕೆಳಗಿನಿಂದ ಹತ್ತಿದೆ. ರೆಂಬೆಯ ತುದಿಗೆ ಕೈ ಹಾಕಬೇಕು, ಅಷ್ಟರಲ್ಲಿ ಸದ್ದು. ಬುಸುಗುಡುವುದು ಎನ್ನುತ್ತೇವಲ್ಲ, ಅದಲ್ಲ. ದೊಡ್ಡ ನಾಯಿ ಗಂಟಲೊಳಗೇ ಗುರುಗುಟ್ಟುವಂಥ ತಗ್ಗಿದ ಸದ್ದು, ಕಿವಿಗಿಂತ ಎದೆಗೆ ಮೊದಲು ತಾಗುವಂಥದ್ದು. ಕಾಳಿಂಗ ತನ್ನ ಉದ್ದದ ಮೂರರಲ್ಲೊಂದು ಪಾಲು ಎದ್ದು ನಿಲ್ಲಬಲ್ಲದು. ಜಾರಿನಲ್ಲಿ ನಾನು ಕೆಳಗಿದ್ದೆ, ಅವಳು ಮೇಲೆ. ಹಾಗಾಗಿ ಅವಳ ಕಣ್ಣೂ ನನ್ನ ಕಣ್ಣೂ ಒಂದೇ ಮಟ್ಟಕ್ಕೆ ಬಂದವು. ನಡುವೆ ಎರಡು ಮಾರು.

ನಾಗರದಂತೆ ಅಗಲವಲ್ಲ ಅವಳ ಹೆಡೆ. ಉದ್ದಕ್ಕೆ, ಕಿರಿದಾಗಿ. ಗಂಟಲು ಹಣ್ಣಡಿಕೆಯ ಬಣ್ಣ, ಕೆಳಕೆಳಗೆ ಬಂದಂತೆ ಮಸುಕು. ದುಂಡು ಕಣ್ಣು, ರೆಪ್ಪೆ ಇಲ್ಲ. ನಾಲಗೆ ಹೊರಬಂದು ಮೇಲೆ ಕೆಳಗೆ ನಿಧಾನ ಆಡಿ ಒಳಗೆ ಹೋಯಿತು. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಓಡಿದ್ದು ಬಹಳ ಸ್ಪಷ್ಟವಾದ ಲೆಕ್ಕ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ವಿಷನಿರೋಧಕ ನಾಗರ, ಕಟ್ಟುಹಾವು ಮತ್ತು ಎರಡು ಬಗೆಯ ಮಂಡಲಗಳಿಗಾಗಿ ಮಾಡಿದ್ದು. ಕಾಳಿಂಗದ ವಿಷಕ್ಕೆಂದು ನಮ್ಮಲ್ಲಿ ತಯಾರಾದ ಮದ್ದಿಲ್ಲ. ಆ ವಿಷ ನರಗಳನ್ನು ಹಿಡಿದು ಉಸಿರು ನಿಲ್ಲಿಸುತ್ತದೆ. ವೆಂಟಿಲೇಟರ್ ಇರುವ ದೊಡ್ಡ ಆಸ್ಪತ್ರೆಗೆ ಕೊಟ್ಟಿಗೆಹಾರ ಹತ್ತಿ ಚಾರ್ಮಾಡಿ ಇಳಿಯಬೇಕು.

ನಾನು ಅಲುಗಲಿಲ್ಲ. ಅವಳು ಮುನ್ನುಗ್ಗಲಿಲ್ಲ. ಮುನ್ನುಗ್ಗಬೇಕೆಂದಿದ್ದರೆ ಆಗಲೇ ಆಗುತ್ತಿತ್ತು. ಅವಳು ನನ್ನನ್ನು ಕಚ್ಚಲು ಎದ್ದವಳಲ್ಲ, ಗೂಡು ಬಿಟ್ಟು ಒಂದು ಗೇಣೂ ಬರಲಿಲ್ಲ. ಎಡಗಾಲು ಹಿಂದಕ್ಕೆ, ಮಣ್ಣು ಗಟ್ಟಿ ಇದೆಯೇ ಎಂದು ನೋಡಿ ಭಾರ ಬಿಟ್ಟು, ಆಮೇಲೆ ಬಲಗಾಲು. ಏಳೋ ಎಂಟೋ ಹೆಜ್ಜೆ ಹಿಂದಾದ ಮೇಲೆ ಹೆಡೆ ಸಣ್ಣಗಾಯಿತು. ಹಗ್ಗದ ಹತ್ತಿರ ಬಂದಾಗ ಅವಳು ತಲೆ ಇಳಿಸಿ ಮತ್ತೆ ಬಿದಿರಿನ ಕಡೆ ಮುಖ ಮಾಡಿದಳು. ರೆಂಬೆ ಅಲ್ಲೇ ಇತ್ತು, ಕೊನೆಯವರೆಗೂ ಗೂಡಿಗೆ ಏನೂ ಮಾಡಲಿಲ್ಲ.

ಆಲೂರು, ಸಕಲೇಶಪುರದ ಕಡೆಯ ನೆಂಟರು ಬೆಳಗ್ಗೆ ಎದ್ದು ಮೊದಲು ನೋಡುವುದು ಇವತ್ತು ಆನೆ ಯಾವ ತೋಟದಲ್ಲಿದೆ ಎಂಬ ಮೆಸೇಜನ್ನು. ಅವರ ಬದುಕಿನ ಭಾರದ ಮುಂದೆ ನನ್ನದು ಏನೂ ಅಲ್ಲ. ಆದರೂ ಅವರಲ್ಲೊಬ್ಬರು ಹೇಳಿದ್ದ ಮಾತು ಆವತ್ತು ನೆನಪಾಯಿತು: ಕಾಡುಪ್ರಾಣಿ ಎದುರು ಸಿಕ್ಕಾಗ ಅದಕ್ಕೆ ಹೋಗಲು ದಾರಿ ಇದೆಯೇ ಎಂದು ಮೊದಲು ನೋಡು, ನಿನ್ನ ದಾರಿ ಆಮೇಲೆ. ಅವಳು ಹೋಗುವವಳಲ್ಲವಾದ್ದರಿಂದ ನಾನು ಹೋಗಬೇಕಿತ್ತು.

ಮೃಗಶಿರ ಹುಟ್ಟಿದ ಮರುದಿನ, ಜೂನ್ 9ಕ್ಕೆ, ಗೂಡಿನ ಮೇಲೆ ಅವಳಿರಲಿಲ್ಲ. ಮೂರು ದಿನ ಕಾದೆ. ಬರಲಿಲ್ಲ. ನೋಟ್‌ಬುಕ್ಕಿನಲ್ಲಿ "ಇಲ್ಲ" ಎಂದು ಬರೆಯುವಾಗ ಮಗಳನ್ನು ಗಂಡನ ಮನೆಗೆ ಕಳಿಸಿದ ಮರುದಿನದಂತೆ ಇತ್ತು. ಆಗಲೇ ಭಯವೂ ಶುರುವಾಯಿತು. ಮುಂಗುಸಿ ಇದೆ, ಉಡ ಇದೆ, ಕಾಡುಹಂದಿ ಇದೆ. ಕಾವಲಿಗೆ ತಾಯಿ ಇಲ್ಲ. ಇಲಾಖೆಯವರ ಒಪ್ಪಿಗೆ ಪಡೆದು, ಅವರ ಎದುರೇ, ಗೂಡಿನ ಸುತ್ತ ಬಿದಿರು ಗೂಟ ನೆಟ್ಟು ಸಣ್ಣ ಕಣ್ಣಿನ ನೈಲಾನ್ ಬಲೆ ಬಿಗಿದೆವು. ಬಲೆಯ ಅಂಚನ್ನು ಒಂದು ಗೇಣು ಮಣ್ಣೊಳಗೆ ಹೂತೆವು. ಮರಿಗಳು ಹೊರಬಂದಾಗ ಎಣಿಸಲೂ ಅದು ಬೇಕಿತ್ತು.

ಆರಿದ್ರಾ ಮಳೆ ಹದಿನಾಲ್ಕು ದಿನವೂ ಬಿಡಲಿಲ್ಲ. ಕರೆಂಟಿಲ್ಲ, ಫೋನಿಲ್ಲ, ಜಿಗಣೆ ಕಾಟ. ಮರಿ ಕೊಳೆತೇ ಹೋದವು ಎಂದು ನಾನು ಒಳಗೊಳಗೇ ತೀರ್ಮಾನಿಸಿದ್ದೆ.

ಪುನರ್ವಸು ಹುಟ್ಟಿ ಎರಡು ದಿನಕ್ಕೆ, ಜುಲೈ 8ರ ಬೆಳಗ್ಗೆ, ಬಲೆಯ ಒಳಮೈಗೆ ಕರಿ ನೂಲಿನ ಹುರಿಯಂತೆ ಏನೋ ಅಂಟಿಕೊಂಡಿತ್ತು. ಒಂದು ಮೊಳ ಉದ್ದ. ಮಿರಿಮಿರಿ ಕಪ್ಪು, ಸುಣ್ಣದ ಬಳೆ ತೊಡಿಸಿದಂತೆ ಬಿಳಿ ಪಟ್ಟೆಗಳು. ನಾನು ಬಗ್ಗಿದ್ದೇ ತಡ, ಹೆಬ್ಬೆರಳಿನಗಲದ ಹೆಡೆ ಎತ್ತಿತು. ಹುಟ್ಟಿದ ದಿನವೇ ಅದಕ್ಕೆ ವಿಷವೂ ಇರುತ್ತದೆ, ತಾಯಿಯ ಧೈರ್ಯವೂ.

ಎರಡು ದಿನದಲ್ಲಿ ಇಪ್ಪತ್ತಮೂರು ಮರಿ ಹೊರಬಂದವು. ಗೂಡು ಬಿಡಿಸಿದಾಗ ನಾಲ್ಕು ಮೊಟ್ಟೆ ಕೆಟ್ಟಿದ್ದವು. ಅಷ್ಟು ಮಳೆ ಕುಡಿದ ಗುಡ್ಡೆಯ ನಡುವಿನ ದರಗು ಕೈಗೆ ಬೆಚ್ಚಗೆ, ಬಹುಮಟ್ಟಿಗೆ ಒಣಗಿಯೇ ಇತ್ತು. ಸಿಪ್ಪೆಗಳು ತೊಗಲಿನಂತೆ ಮೆತ್ತಗೆ, ಪ್ರತಿಯೊಂದರಲ್ಲೂ ಬ್ಲೇಡಿನಿಂದ ಸೀಳಿದಂಥ ಗೆರೆ. ಇಲಾಖೆಯವರು ಮರಿಗಳನ್ನು ಅದೇ ಬೆಟ್ಟದ ಝರಿಯ ಉದ್ದಕ್ಕೂ ಅಲ್ಲಲ್ಲಿ ಬಿಟ್ಟರು. ಒಂದು ನನ್ನ ಕಣ್ಣೆದುರೇ ಕೇದಗೆ ಪೊದೆಯೊಳಗೆ ಹರಿದು, ಮುಳ್ಳಿನ ನಡುವೆ ನಿಂತು, ತಿರುಗಿ ನೋಡದೆ ಹೋಯಿತು. ಅವುಗಳಲ್ಲಿ ಬೆಳೆದು ದೊಡ್ಡವಾಗುವುದು ಕೆಲವೇ ಕೆಲವು.

2024ರಲ್ಲಿ ಪಿ. ಗೌರಿ ಶಂಕರ್ ಮತ್ತು ಸಂಗಡಿಗರು ನಮ್ಮ ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಪ್ರಭೇದ ಎಂದು ತೋರಿಸಿ, ಅದಕ್ಕೆ ಒಫಿಯೋಫೇಗಸ್ ಕಾಳಿಂಗ ಎಂದು ಹೆಸರಿಟ್ಟ ಸುದ್ದಿ ಬಂತು. ನಮ್ಮ ಅಜ್ಜಂದಿರು ಕರೆದ ಹೆಸರೇ ಈಗ ಜಗತ್ತಿನ ವಿಜ್ಞಾನಿಗಳ ಬಾಯಲ್ಲಿ. ಪೇಪರ್ ಓದಿ ಹೇಳಿದಾಗ ನಮ್ಮ ಹಿರಿಯ ಹೆಂಗಸು, "ನಾವಿಟ್ಟ ಹೆಸರು ಅವರಿಗೆ ಗೊತ್ತಾಗಿಲ್ಲ ಬಿಡಿ" ಎಂದಳು.

ಮರಿಗಳನ್ನು ಬಿಟ್ಟ ಸಂಜೆ ಬಲೆ ಬಿಚ್ಚಿ, ದಬ್ಬೆ ಕಿತ್ತು, ಹಗ್ಗ ಸುತ್ತಿಕೊಂಡು ಬರುವಾಗ ಅವಳೂ ಜೊತೆಗಿದ್ದಳು. ಹರಡಿ ಬಿದ್ದ ದರಗಿನ ಮುಂದೆ ನಿಂತು, "ಇನ್ನು ಇದನ್ನು ಒಯ್ಯಬಹುದಾ ಅಯ್ಯಾ?" ಎಂದು ಕೇಳಿದಳು. ಹೂಂ ಎಂದೆ. ಕುಕ್ಕೆ ಕೆಳಗಿಟ್ಟು ಕೂತಳು. ಒಂದೊಂದು ಹಿಡಿಯನ್ನೂ ಎತ್ತಿ, ಬೆರಳಲ್ಲಿ ಬಿಡಿಸಿ, ಒಳಗೆ ಯಾರೂ ಉಳಿದಿಲ್ಲ ಎಂದು ನೋಡಿ ನೋಡಿ ಕುಕ್ಕೆಗೆ ಹಾಕತೊಡಗಿದಳು.